ನಿಲ್ಲದ ಸ್ವರಕ್ಕೆ ನಾಲ್ಕು ಗ್ರಾಂ ತಾಮ್ರ

ಯಕ್ಷಗಾನದಲ್ಲಿ ಭಾಗವತರು ಪದ ಎತ್ತುವ ಹೊತ್ತಿಗೆ ಮೈಕು ಒಮ್ಮೆ ‘ಕುಂಯ್’ ಎಂದು ಕೂಗದಿದ್ದರೆ ನಮ್ಮ ಊರಿನವರಿಗೆ ಆಟ ಶುರುವಾಯಿತು ಎನ್ನಿಸುವುದೇ ಇಲ್ಲ. ಮೈಕಿನ ಹುಡುಗ ಎದ್ದುಬಿದ್ದು ಓಡಿ ಬಂದು ಗುಂಡಿ ತಿರುಗಿಸುತ್ತಾನೆ, ಕೂಗು ಅಡಗುತ್ತದೆ. ಅವನು ಯಾವುದನ್ನು ಅಡಗಿಸಲು ಓಡಿ ಬರುತ್ತಾನೋ ಅದನ್ನೇ ಸಾಕಿ ಪಳಗಿಸಿ, ಗಿಟಾರಿನ ಸ್ವರವನ್ನು ಸಾಯದಂತೆ ಉಳಿಸುವ ಕೆಲಸ ಇದು.

ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ನುಗ್ಗಿ, ಇನ್ನಷ್ಟು ದೊಡ್ಡದಾಗಿ ಹೊರಬಂದು, ಮತ್ತೆ ನುಗ್ಗುವುದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಲಾರ್ಸೆನ್ ಪರಿಣಾಮ ಎಂದೂ ಕರೆಯುವುದುಂಟು. ಗಿಟಾರಿಗೆ ಇದರಿಂದ ಏನು ಲಾಭ? ಪಿಟೀಲಿಗೆ ಕಮಾನಿದೆ, ನಾಗಸ್ವರಕ್ಕೆ ಉಸಿರಿದೆ; ಎಳೆದಷ್ಟು ಹೊತ್ತು, ಊದಿದಷ್ಟು ಹೊತ್ತು ಸ್ವರ ಉಳಿಯುತ್ತದೆ. ಗಿಟಾರಿನ ತಂತಿಗೆ ಒಂದೇ ಮೀಟು, ಆಮೇಲೆ ಇಳಿಯುತ್ತಾ ಹೋಗುವುದೇ ಅದರ ಹಣೆಬರಹ. ಇಳಿಯುವ ತಂತಿಗೆ ತಕ್ಕ ಕ್ಷಣದಲ್ಲಿ ಸಣ್ಣ ತಳ್ಳು ಕೊಡುತ್ತಾ ಇದ್ದರೆ ಅದೂ ನಿಲ್ಲದೆ ಹಾಡುತ್ತದೆ. ಜೋಕಾಲಿ ಜೀಕುವಾಗ ಮುಂದೆ ಹೋಗುತ್ತಿರುವವರನ್ನು ಮುಂದಕ್ಕೇ ತಳ್ಳಬೇಕು, ಎದುರು ಬರುತ್ತಿರುವಾಗ ತಳ್ಳಿದರೆ ನಿಂತುಬಿಡುತ್ತದೆ. ಕೆಳಗೆ ಬರುವ ಸರ್ಕ್ಯೂಟು, ಕಾಯಿಲು (ತಾಮ್ರದ ಎಳೆಯ ಸುರುಳಿ), ಅಯಸ್ಕಾಂತ ಎಲ್ಲವೂ ಆ ತಳ್ಳುವ ಹೊತ್ತನ್ನು ಹೊಂದಿಸುವುದಕ್ಕಾಗಿ.

ನಾನು ಇದಕ್ಕೆ ಕೈ ಹಾಕಿದ್ದು ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ, ಒಂದು ಆಷಾಢದಲ್ಲಿ. ತೋಟಕ್ಕೆ ಕೊಳೆ ಔಷಧಿ ಹೊಡೆದು ಮುಗಿದಿತ್ತು. ಹೊರಗೆ ಹೋಗುವಂತಿಲ್ಲ, ಒಳಗೆ ಕರೆಂಟಿಲ್ಲ.

ಮೊದಲು ಏನನ್ನೂ ಕೊಳ್ಳಬೇಡಿ

ಎಲೆಕ್ಟ್ರಿಕ್ ಗಿಟಾರ್ ಮತ್ತು ಆಂಪ್ (ಸ್ಪೀಕರಿರುವ ಆಂಪ್ಲಿಫೈಯರ್ ಪೆಟ್ಟಿಗೆ) ಇದ್ದರೆ ಮೊದಲ ಪ್ರಯೋಗಕ್ಕೆ ಬೇರೇನೂ ಬೇಡ. ಆದರೆ ಗುಂಡಿ ಮುಟ್ಟುವ ಮೊದಲು ಮನೆಯ ಅರ್ಥಿಂಗ್ ನೋಡಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯ ತೂತಿಗೆ ಎಷ್ಟೋ ಕಡೆ ವೈರೇ ಇರುವುದಿಲ್ಲ. ಗಿಟಾರಿನ ಲೋಹದ ತಂತಿಗಳು ಸಾಮಾನ್ಯವಾಗಿ ಆಂಪಿನ ಲೋಹದ ಚೌಕಟ್ಟಿಗೆ ಸೇರಿಕೊಂಡಿರುತ್ತವೆ. ಆಂಪಿನೊಳಗೆ ದೋಷವಿದ್ದು ಅರ್ಥ್ ಇಲ್ಲದಿದ್ದರೆ ವಿದ್ಯುತ್ತು ನಿಮ್ಮ ಬೆರಳಿಗೇ ಬರುತ್ತದೆ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಇದು ತಮಾಷೆಯ ಮಾತಲ್ಲ. ಆಂಪ್ ಹಾಕಿ, ತಂತಿಯನ್ನು ಕೈಯಿಂದ ಮುಟ್ಟುವ ಮೊದಲು ಟೆಸ್ಟರ್ ಮುಟ್ಟಿಸಿ. ದೀಪ ಹೊತ್ತಿದರೆ ಅಲ್ಲಿಗೇ ನಿಲ್ಲಿಸಿ ವೈರಿಂಗಿನವರನ್ನು ಕರೆಯಿರಿ. ಹೊತ್ತದಿದ್ದರೂ ಅರ್ಥ್ ಸರಿಯಿದೆಯೇ ಎಂದು ಅವರಿಂದ ಒಮ್ಮೆ ನೋಡಿಸುವುದು ಒಳ್ಳೆಯದು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಒಂದನ್ನು ಹಾಕಿಸಿಬಿಟ್ಟರೆ ಗಿಟಾರಿಗೆ ಮಾತ್ರವಲ್ಲ, ಮನೆಗೇ ಒಳ್ಳೆಯದು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗೇ ಕಿತ್ತಿಡಿ.

ಈಗ ಆಂಪಿನ ಗೇನ್ ಗುಂಡಿಯನ್ನು (ಸಿಗ್ನಲ್ ಎಷ್ಟು ಹಿಗ್ಗಬೇಕೆಂದು ಹೇಳುವ ಗುಂಡಿ) ಅರ್ಧಕ್ಕಿಂತ ಮೇಲೇರಿಸಿ, ಬ್ರಿಡ್ಜ್ ಬಳಿಯ, ಅಂದರೆ ತಂತಿಗಳು ಒಡಲಿಗೆ ಕೂರುವ ಕಡೆಯ ಪಿಕಪ್ (ತಂತಿಯ ನಡುಕವನ್ನು ಓದುವ ಕಾಯಿಲು) ಆರಿಸಿಕೊಂಡು, ಸ್ಪೀಕರಿಗೆ ಎದುರಾಗಿ ನಾಲ್ಕು ಅಡಿ ದೂರದಲ್ಲಿ ನಿಲ್ಲಿ. ತೀರಾ ಸಣ್ಣದರಿಂದ ಎಣಿಸಿ ಮೂರನೇ ತಂತಿಯ ಮೇಲೆ ಒಂದು ಸ್ವರ ಹಿಡಿದು ಮೀಟಿ, ಉಳಿದ ಐದನ್ನೂ ಅಂಗೈಯಿಂದ ಒತ್ತಿ ಹಿಡಿಯಿರಿ. ಸ್ವರ ಇಳಿಯತೊಡಗಿದಾಗ ನಿಧಾನವಾಗಿ ಮುಂದೆ ಹೆಜ್ಜೆ ಇಡಿ. ಒಂದು ಜಾಗಕ್ಕೆ ಬಂದಾಗ ಸಾಯುತ್ತಿದ್ದ ಸ್ವರ ತಿರುಗಿ ಮೇಲೇಳುತ್ತದೆ. ಅಲ್ಲಿಂದ ಸ್ವಲ್ಪ ಸರಿದರೆ ಅದೇ ತಂತಿಯಿಂದ ಒಂದು ಸ್ಥಾಯಿ ಮೇಲಿನ ಸ್ವರವೋ ಪಂಚಮವೋ ಏಳಬಹುದು.

ಇದಕ್ಕೆ ಲೆಕ್ಕವಿದೆ. 440 ಹರ್ಟ್ಸ್‌ನ ಸ್ವರಕ್ಕೆ ಗಾಳಿಯಲ್ಲಿ ಅಲೆಯ ಉದ್ದ ಸುಮಾರು 78 ಸೆಂಟಿಮೀಟರ್. ಅದರ ಅರ್ಧದಷ್ಟು, ಅಂದರೆ ಒಂದು ಮೊಳಕ್ಕೂ ಕಡಿಮೆ ದೂರ ಹಿಂದೆ ಸರಿದರೆ ತಳ್ಳು ತಿರುವುಮುರುವಾಗಿ ಸ್ವರ ಸಾಯುತ್ತದೆ. 110 ಹರ್ಟ್ಸ್‌ನ ಐದನೇ ತಂತಿಗಾದರೆ ಅಲೆಯೇ ಮೂರು ಮೀಟರಿಗೂ ಹೆಚ್ಚು ಉದ್ದ. 1977ರಲ್ಲಿ ಬರ್ಲಿನ್ನಿನಲ್ಲಿ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿಯ ಧ್ವನಿಮುದ್ರಣಕ್ಕೆ ನುಡಿಸಿದ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಯಾವ ಸ್ವರ ಎಲ್ಲಿ ಸಾಯದೆ ಉಳಿಯುತ್ತದೆ ಎಂದು ನೆಲದ ಮೇಲೆ ಗುರುತು ಹಾಕಿಕೊಂಡು, ಅಲ್ಲಲ್ಲಿ ನಿಂತು ನುಡಿಸಿದ್ದರು. ನಾನೂ ನಮ್ಮ ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೊಂದರ ಪಕ್ಕ ಸ, ಗ, ಪ ಎಂದು ಬರೆದಿಟ್ಟೆ. ಬೆಳಿಗ್ಗೆ ಅಮ್ಮ ಅದನ್ನು ಸುತ್ತುಹಾಕಿಕೊಂಡು ಹೋಗುತ್ತಾ, “ಇದು ಯಾವ ಮಂಡಲವೋ? ತುಳಿಯಬಹುದೋ ಬಾರದೋ?” ಎಂದು ಕೇಳಿದರು.

ಅಂಗೈಯಿಂದ ಆರೂ ತಂತಿ ಒತ್ತಿ ಹಿಡಿದರೂ ಕಿರುಚಾಟ ನಿಲ್ಲದಿದ್ದರೆ ಅದು ತಂತಿಯದಲ್ಲ, ಪಿಕಪ್ಪೇ ನಡುಗಿ ಹುಟ್ಟಿಸುವ ಕೂಗು. ಅದರಿಂದ ಸಂಗೀತ ಹುಟ್ಟುವುದಿಲ್ಲ, ಗೇನ್ ಇಳಿಸಿ. ಶಬ್ದ ಸಾಲದೆ ಸ್ವರ ಏಳುತ್ತಿಲ್ಲವೇ? ಗಿಟಾರಿನ ತಲೆಯ ತುದಿಯನ್ನು ಆಂಪಿನ ಪೆಟ್ಟಿಗೆಗೆ ಮೆಲ್ಲಗೆ ತಾಗಿಸಿ. ಮರದ ಮೂಲಕವೇ ನಡುಕ ಹರಿದು, ಕಡಿಮೆ ಶಬ್ದದಲ್ಲೂ ಸ್ವರ ಉಳಿಯುತ್ತದೆ. ಇದೇ ತತ್ವದ ಮೇಲೆ ಗಿಟಾರಿನ ತಲೆಗೆ ಕಚ್ಚಿಸುವ ನಡುಕದ ಸಾಧನಗಳೂ ಮಾರಾಟಕ್ಕಿವೆ.

ಕಿವಿಯ ವಿಷಯ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು; ಪ್ರತಿ 3 ಡೆಸಿಬೆಲ್ ಹೆಚ್ಚಾದಂತೆ ಈ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಬಂದರೆ ಉಳಿಯುವುದು ಕಾಲು ಗಂಟೆ. ಆಂಪಿನ ಫೀಡ್‌ಬ್ಯಾಕ್ ಸುಲಭವಾಗಿ ಆ ಮಟ್ಟ ಮುಟ್ಟುತ್ತದೆ. ಮನೆಯಲ್ಲಿ ಇತರರೂ ಇರುತ್ತಾರಲ್ಲ, ಕೊಟ್ಟಿಗೆಯಲ್ಲಿ ದನಗಳೂ ಇರುತ್ತವೆ. ಶಬ್ದವಿಲ್ಲದೆ ಸ್ವರವನ್ನಷ್ಟೇ ಉಳಿಸಿಕೊಳ್ಳುವ ದಾರಿ ಹುಡುಕಲು ನನಗೆ ಇದೇ ಕಾರಣವಾಯಿತು.

ಅಂಗಡಿಯ ದಾರಿಗಳು

ಗಿಟಾರಿಗೂ ಆಂಪಿಗೂ ನಡುವೆ ಕೂರುವ ಕಂಪ್ರೆಸರ್ ಪೆಡಲುಗಳನ್ನು ಕೆಲವರು ಸಸ್ಟೇನರ್, ಅಂದರೆ ಸ್ವರ ಉಳಿಸುವ ಸಾಧನ ಎಂದೇ ಮಾರುತ್ತಾರೆ. ನನ್ನ ಮಟ್ಟಿಗೆ ಅದು ಮಜ್ಜಿಗೆಗೆ ನೀರು ಬೆರೆಸಿ ಹೆಚ್ಚು ಮಾಡುವ ಉಪಾಯ. ತಂತಿಗೆ ಅದು ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಸ್ವರ ಇಳಿದಂತೆ ಅದರ ಶಬ್ದವನ್ನು ಎತ್ತಿ ಹಿಡಿಯುತ್ತದೆ, ಜೊತೆಗೆ ‘ಸ್ಸ್’ ಎನ್ನುವ ಹಿನ್ನೆಲೆಯನ್ನೂ ಎತ್ತುತ್ತದೆ. ತಂತಿಗೇ ಶಕ್ತಿ ಊಡುವ ಸಾಧನಗಳ ಪೈಕಿ ಹೆಸರಾದದ್ದು ಈಬೋ. ಗ್ರೆಗ್ ಹೀಟ್ ಎಂಬಾತ 1969ರಲ್ಲಿ ಕಂಡುಹಿಡಿದು 1970ರ ದಶಕದಲ್ಲಿ ಮಾರುಕಟ್ಟೆಗೆ ತಂದ ಅಂಗೈಯಗಲದ ಪೆಟ್ಟಿಗೆ ಅದು. ಒಳಗೆ ಎರಡು ಕಾಯಿಲ್, ಒಂದು 9 ವೋಲ್ಟ್ ಬ್ಯಾಟರಿ. ಒಂದು ಕಾಯಿಲ್ ತಂತಿಯ ನಡುಕವನ್ನು ಓದುತ್ತದೆ, ಇನ್ನೊಂದು ಅದೇ ನಡುಕವನ್ನು ತಂತಿಗೆ ಮರಳಿ ಕೊಡುತ್ತದೆ. ಒಮ್ಮೆಗೆ ಒಂದೇ ತಂತಿ. ಆರೂ ತಂತಿಗೆ ಬೇಕೆಂದರೆ ಸಸ್ಟೇನಿಯಾಕ್ ಹೆಸರಿನ, ಗಿಟಾರಿನೊಳಗೇ ಕೂರಿಸುವ ವ್ಯವಸ್ಥೆಯಿದೆ; 2024ರಲ್ಲಿ ಮುಚ್ಚಿದ ಫರ್ನಾಂಡಿಸ್ ಕಂಪನಿಯದೂ ಒಂದಿತ್ತು. ಹಣವಿದ್ದವರು ಕೊಳ್ಳಲಿ. ಉಳಿದವರಿಗೆ ಕೆಳಗಿನ ದಾರಿ.

ನಾಲ್ಕು ಗ್ರಾಂ

ಓದುವ ಕಾಯಿಲ್ ಗಿಟಾರಿನಲ್ಲಿ ಆಗಲೇ ಇದೆ, ಅದೇ ಪಿಕಪ್. ನಾವು ಮಾಡಬೇಕಾದದ್ದು ತಳ್ಳುವ ಕಾಯಿಲ್ ಮತ್ತು ನಡುವಿನ ಪುಟ್ಟ ಆಂಪ್ಲಿಫೈಯರ್, ಎರಡೇ.

ಕಾಯಿಲಿಗೆ ಬೇಕಾದದ್ದು 36 ಗೇಜಿನ ಎನಾಮಲ್ ಲೇಪಿಸಿದ ತಾಮ್ರದ ಎಳೆ, ದಪ್ಪ 0.19 ಮಿಲಿಮೀಟರ್. ಇದಕ್ಕಾಗಿ ಬೆಂಗಳೂರಿಗೆ ಪತ್ರ ಬರೆಯಬೇಕಿಲ್ಲ. ಸೀಲಿಂಗ್ ಫ್ಯಾನಿನ ವೈಂಡಿಂಗಿಗೆ ಬಳಸುವುದು ಹೆಚ್ಚುಕಡಿಮೆ ಇದೇ ಎಳೆ, ಹಾಗಾಗಿ ಫ್ಯಾನ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಸಿಗುತ್ತದೆ. ಪಂಪ್‌ಸೆಟ್ ಮೋಟಾರಿನದು ದಪ್ಪ, ಅದು ಬೇಡ. ನಾನು ಹೋದ ಅಂಗಡಿಯ ಹಿರಿಯರು ಸುಟ್ಟ ಫ್ಯಾನೊಂದರ ಹೊಟ್ಟೆಯಿಂದ ಕಪ್ಪು ಎಳೆಗಳನ್ನು ಕೀಳುತ್ತಾ ಕುಳಿತಿದ್ದರು.

“ಎಷ್ಟು ಬೇಕು?”

“ಹದಿನಾಲ್ಕು ಮೀಟರ್.”

“ಮೀಟರಿನಲ್ಲಿ ಅಳೆದು ಕೊಡಲು ಇದೇನು ರವಿಕೆ ಬಟ್ಟೆಯೇ ಮಾರಾಯರೇ? ತೂಕದಲ್ಲಿ ಹೇಳಿ.”

ಲೆಕ್ಕ ಹಾಕಿದೆ. ನಾಲ್ಕು ಗ್ರಾಂ ಕೂಡ ಆಗುವುದಿಲ್ಲ! ಅದನ್ನು ಹೇಳಿದಾಗ ಅವರು ತಕ್ಕಡಿಯ ಕಡೆ ತಿರುಗಿಯೂ ನೋಡಲಿಲ್ಲ. ರೀಲಿನ ತುದಿಯಲ್ಲಿ ಉಳಿದಿದ್ದ ಸಿಂಬೆಯೊಂದನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟು, “ಏನು ಮಾಡುತ್ತೀರೋ ಮಾಡಿ, ಹಾಡಿದರೆ ತಂದು ತೋರಿಸಿ” ಎಂದರು. ನೀವು ಎರಡು ಮೂರು ಕಾಯಿಲಿಗಾಗುವಷ್ಟು ತನ್ನಿ. ಮೊದಲನೆಯದು ಕೆಡದೆ ಇರುವುದಿಲ್ಲ.

ನಡುಗಂಬಕ್ಕೆ 6 ಮಿಲಿಮೀಟರಿನ ಗಿಡ್ಡ ಕಬ್ಬಿಣದ ಬೋಲ್ಟು. ಅಯಸ್ಕಾಂತ ಹಿಡಿದು ನೋಡಿಯೇ ಆರಿಸಿ, ಏಕೆಂದರೆ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳಲ್ಲಿ ಹಲವು ಅಂಟುವುದೇ ಇಲ್ಲ. ಹಳೆಯ ಎಟಿಎಂ ಕಾರ್ಡಿನಿಂದ ಎರಡು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಎರಡು ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ, ಬೋಲ್ಟಿಗೆ ತೊಡಿಸಿ. ಒಂದು ಬಿಲ್ಲೆ ಬೋಲ್ಟಿನ ತುದಿಗೆ ಸಮನಾಗಿರಲಿ. ಬಿಲ್ಲೆಗಳ ನಡುವಿನ ಅಂತರ ಬರೀ 3 ಮಿಲಿಮೀಟರ್. ಈ ಅಳತೆಯಲ್ಲಿ ಉದಾರತೆ ಬೇಡ. ಎಳೆಗಳೆಲ್ಲ ತಂತಿಯ ಸಮೀಪವೇ ಇದ್ದಷ್ಟು ಹಿಡಿತ ಹೆಚ್ಚು. ಕಾಯಿಲ್ ಎತ್ತರವಾಗಿ, ಸುತ್ತು ಹೆಚ್ಚಾದಷ್ಟೂ ಮೇಲಿನ ಸ್ವರಗಳಲ್ಲಿ ತಳ್ಳು ತಡವಾಗಿ ತಲುಪುತ್ತದೆ. ತಡವಾದ ತಳ್ಳು ಜೋಕಾಲಿಗೆ ಎದುರಾದ ತಳ್ಳೇ.

ಎಳೆಯ ತುದಿಯಲ್ಲಿ ಒಂದು ಗೇಣು ಬಿಟ್ಟು ಸುತ್ತಲು ತೊಡಗಿ. ಕೈ ಡ್ರಿಲ್ಲಿನ ಬಾಯಿಗೆ ಬೋಲ್ಟನ್ನು ಕಚ್ಚಿಸಿ ತಿರುಗಿಸಿದರೆ ಕೆಲಸ ಹಗುರ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಳೆ ಜಾರುತ್ತಿರಲಿ. ಬಿಗಿಯಾಗಿ ಎಳೆದರೆ ಪಟ್ಟೆಂದು ಹರಿಯುತ್ತದೆ, ಸಡಿಲ ಬಿಟ್ಟರೆ ಉಬ್ಬುತ್ತದೆ. ನಾಲ್ಕೈದು ಪದರಕ್ಕೊಮ್ಮೆ ಬೆರಳ ತುದಿಯಿಂದ ಫೆವಿಕಾಲ್ ಸವರಿ. ಸಡಿಲ ಸುತ್ತುಗಳು ತಾವೇ ನಡುಗಿದರೆ ತಂತಿಗೆ ಹೋಗಬೇಕಾದ ಶಕ್ತಿ ಅಲ್ಲೇ ಸೋರಿಹೋಗುತ್ತದೆ, ಕಿರುಚಾಟವೂ ಹುಟ್ಟುತ್ತದೆ. 350ರಿಂದ 400 ಸುತ್ತಿಗೆ ಬಂದಾಗ ನಿಲ್ಲಿಸಿ. ತುದಿಗಳ ಎನಾಮಲ್ಲನ್ನು ಬ್ಲೇಡಿನಿಂದ ಹೆರೆದು ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ತೋರಿಸಬೇಕು, ಒಂದು ಅತ್ತಿತ್ತ ಆದರೆ ಚಿಂತೆಯಿಲ್ಲ. ಸುತ್ತಿನ ಲೆಕ್ಕಕ್ಕಿಂತ ಮೀಟರಿನ ಮಾತನ್ನೇ ನಂಬಿ. ನನ್ನ ಮೊದಲ ಕಾಯಿಲಿನ ಲೆಕ್ಕ 212ರಲ್ಲಿ ತಪ್ಪಿತ್ತು, ಯಾರೋ ಅಡಿಕೆ ಧಾರಣೆ ಕೇಳಲು ಫೋನ್ ಮಾಡಿದ್ದರು.

ಫೆವಿಕಾಲ್ ಒಣಗಬೇಕು. ಬೇಸಿಗೆಯಲ್ಲಾದರೆ ಒಂದು ರಾತ್ರಿ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗದಿರುವಾಗ ಅಂಟು ಒಣಗುತ್ತದೆಯೇ? ಬಚ್ಚಲ ಹಂಡೆಯ ಒಲೆಯ ಮೇಲಿನ ಗೂಡಿನಲ್ಲಿ ಎರಡು ದಿನ ಇಟ್ಟೆ. ಅಯಸ್ಕಾಂತವನ್ನು ಮಾತ್ರ ಜೊತೆಗೆ ಇಡಬೇಡಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಕಾಯಿಲ್ ಒಣಗಿ ತಣ್ಣಗಾದ ಮೇಲೆ ಒಂದು ಪುಟ್ಟ ಗುಂಡಗಿನ ಅಯಸ್ಕಾಂತವನ್ನು ಬೋಲ್ಟಿನ ಹಿಂಬದಿಗೆ ಅಂಟಿಸಿ.

ಅಯಸ್ಕಾಂತ ಏಕೆ ಎಂದು ಕೇಳುವವರಿದ್ದಾರೆ. ಕಾಯಿಲಿನಲ್ಲಿ ಕರೆಂಟು ಯಾವ ದಿಕ್ಕಿಗೆ ಹರಿದರೂ ಅದು ಕಬ್ಬಿಣವನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಹಾಗಾಗಿ ಅಯಸ್ಕಾಂತವಿಲ್ಲದಿದ್ದರೆ ತಂತಿ ಒಮ್ಮೆ ನಡುಗುವಷ್ಟರಲ್ಲಿ ಎರಡು ಎಳೆತ ಬೀಳುತ್ತದೆ. ಅಯಸ್ಕಾಂತ ಇದ್ದರೆ ಎಳೆತ ಸದಾ ಇರುತ್ತದೆ, ಕಾಯಿಲ್ ಅದನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆಗ ಒಂದು ನಡುಕಕ್ಕೆ ಒಂದೇ ತಳ್ಳು.

ನಡುವಿನ ಪೆಟ್ಟಿಗೆ

ಎಲ್‌ಎಂ 386 ಎಂಬ ಎಂಟು ಕಾಲಿನ ಐಸಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಶಿವಮೊಗ್ಗದ ದುರ್ಗಿಗುಡಿ ಕಡೆ ಹೋದಾಗ ಇದನ್ನು, ಒಂದು ಬ್ರೆಡ್‌ಬೋರ್ಡನ್ನು (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ), ಕೈತುಂಬ ಕೆಪಾಸಿಟರುಗಳನ್ನು ಒಟ್ಟಿಗೆ ತಂದಿಟ್ಟುಕೊಂಡೆ. ಐಸಿ ಎರಡಿರಲಿ. ಏಕೆ ಎಂದು ಮುಂದೆ ಹೇಳುತ್ತೇನೆ.

ಜೋಡಣೆ ಹೀಗೆ: 2 ಮತ್ತು 4ನೇ ಕಾಲು ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ. 6ನೇ ಕಾಲು 9 ವೋಲ್ಟಿಗೆ; ಅದರ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಅದರ ಪ್ಲಸ್ 6ನೇ ಕಾಲಿಗೆ, ಮೈನಸ್ ಗ್ರೌಂಡಿಗೆ. ಗಿಟಾರಿನ ಸಿಗ್ನಲ್ 0.1 ಮೈಕ್ರೋಫ್ಯಾರಡ್ ಮೂಲಕ 10 ಕಿಲೋ ಓಮ್ ವಾಲ್ಯೂಮ್ ಗುಂಡಿಯ ಒಂದು ಕೊನೆಗೆ, ಗುಂಡಿಯ ಇನ್ನೊಂದು ಕೊನೆ ಗ್ರೌಂಡಿಗೆ, ನಡುವಿನ ಕಾಲು ಐಸಿಯ 3ನೇ ಕಾಲಿಗೆ. 5ನೇ ಕಾಲಿನಿಂದ ಎರಡು ದಾರಿ ಹೊರಡುತ್ತವೆ. ಒಂದು, 10 ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಒಂದರ ಹಿಂದೊಂದಾಗಿ ಗ್ರೌಂಡಿಗೆ. ಇದನ್ನು ಬಿಟ್ಟರೆ ಐಸಿ ತಾನೇ ಕಿರುಚುವ ಸಾಧ್ಯತೆ ಇದೆ. ಇನ್ನೊಂದು, 220 ಮೈಕ್ರೋಫ್ಯಾರಡ್ ಮೂಲಕ ಕಾಯಿಲಿಗೆ, ಕಾಯಿಲಿನ ಇನ್ನೊಂದು ತುದಿ ಗ್ರೌಂಡಿಗೆ. ಈ ಕೆಪಾಸಿಟರಿನ ಪ್ಲಸ್ ಐಸಿಯ ಕಡೆಗಿರಲಿ. 1 ಮತ್ತು 8ನೇ ಕಾಲುಗಳ ನಡುವೆ ಏನೂ ಇಲ್ಲದಿದ್ದರೆ ಐಸಿ 20 ಪಟ್ಟು ಹಿಗ್ಗಿಸುತ್ತದೆ. ಅಲ್ಲಿ 10 ಮೈಕ್ರೋಫ್ಯಾರಡ್ ಇಟ್ಟರೆ, ಪ್ಲಸ್ 1ನೇ ಕಾಲಿಗೆ ಬರುವಂತೆ, 200 ಪಟ್ಟು. ಮೊದಲು 20ರಲ್ಲೇ ನೋಡಿ. 7ನೇ ಕಾಲನ್ನು ಹಾಗೇ ಬಿಡಿ.

ಬ್ಯಾಟರಿಯ ಪ್ಲಸ್ಸಿಗೂ ಸರ್ಕ್ಯೂಟಿಗೂ ನಡುವೆ 1ಎನ್ 4007 ಡಯೋಡ್ ಹಾಕಿ, ಪಟ್ಟಿ ಇರುವ ತುದಿ ಸರ್ಕ್ಯೂಟಿನ ಕಡೆಗೆ. ನಾನು ಹಾಕಿರಲಿಲ್ಲ. ಕರೆಂಟಿಲ್ಲದ ಸಂಜೆ ಮೊಬೈಲ್ ಬೆಳಕಿನಲ್ಲಿ ಬ್ಯಾಟರಿಯ ಟೋಪಿಯನ್ನು ತಿರುವುಮುರುವಾಗಿ ತಾಗಿಸಿದ್ದಷ್ಟೇ, ಐಸಿಯ ಬೆನ್ನು ಬೆರಳು ಸುಡುವಷ್ಟು ಬಿಸಿಯಾಗಿ ಕೆಟ್ಟ ವಾಸನೆ ಬಂತು. ಎರಡನೆಯ ಐಸಿ ಇದ್ದದ್ದರಿಂದ ಆ ರಾತ್ರಿ ಹಾಳಾಗಲಿಲ್ಲ.

ಗಿಟಾರಿನಿಂದ ನೇರವಾಗಿ ಈ ಪೆಟ್ಟಿಗೆಗೆ ಕೊಟ್ಟರೆ ಪಿಕಪ್ಪಿಗೆ ಭಾರವಾಗಿ ನಾದ ಮಂಕಾಗುತ್ತದೆ. ನಡುವೆ ಬಫರ್ (ಪಿಕಪ್ಪಿಗೆ ಭಾರ ಬೀಳದಂತೆ ಸಿಗ್ನಲ್ ದಾಟಿಸುವ ಸರ್ಕ್ಯೂಟು) ಇರುವ ಯಾವುದಾದರೂ ಪೆಡಲ್ ಇಟ್ಟು, ಅದರ ಹೊರದಾರಿಯನ್ನು ಎರಡಾಗಿ ಸೀಳಿ, ಒಂದನ್ನು ಆಂಪಿಗೆ, ಒಂದನ್ನು ಪೆಟ್ಟಿಗೆಗೆ ಕೊಡಿ. ಬೆಸುಗೆಯೇ ಬೇಡ ಎನ್ನುವವರಿಗೆ ಅಡ್ಡದಾರಿಯೊಂದಿದೆ: ಬ್ಯಾಟರಿಯ ಪುಟ್ಟ ಅಭ್ಯಾಸದ ಆಂಪಿನ 8 ಓಮ್ ಸ್ಪೀಕರಿನ ವೈರು ಬಿಡಿಸಿ, ಆ ಜಾಗಕ್ಕೆ ಕಾಯಿಲ್ ಕೊಡಿ. ಗೋಡೆಯ ಪ್ಲಗ್ಗಿನ ದೊಡ್ಡ ಆಂಪಿನಲ್ಲಿ, ಅದರಲ್ಲೂ ವಾಲ್ವ್ ಆಂಪಿನಲ್ಲಿ, ಈ ಸಾಹಸ ಖಂಡಿತ ಬೇಡ. ಕಾಯಿಲೂ ಸುಡುತ್ತದೆ, ಆಂಪೂ ಹಾಳಾಗುತ್ತದೆ.

ದಿಕ್ಕು ಹುಡುಕುವುದು

ಬ್ರಿಡ್ಜ್ ಬಳಿಯ ಪಿಕಪ್ ಮಾತ್ರ ಚಾಲೂ ಇರಲಿ. ಪೆಟ್ಟಿಗೆಯ ವಾಲ್ಯೂಮ್ ಗುಂಡಿ ಸೊನ್ನೆಯಲ್ಲಿರಲಿ. ಕಾಯಿಲನ್ನು ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಮುಗಿಯುವ ಕಡೆ, ಪಿಕಪ್ಪಿನಿಂದ ಅರ್ಧ ಗೇಣಾದರೂ ದೂರದಲ್ಲಿ, ನಾಲ್ಕನೇ ತಂತಿಯ ಮೇಲೆ ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ಹಿಡಿದು ಗುಂಡಿ ಏರಿಸುತ್ತಾ ಬನ್ನಿ. ತಂತಿಯನ್ನು ಒಮ್ಮೆ ಮೆಲ್ಲಗೆ ಮೀಟಿ.

ಸ್ವರ ಬೇಗ ಸತ್ತರೆ ನಿರಾಶರಾಗಬೇಡಿ. ಅದು ಒಳ್ಳೆಯ ಲಕ್ಷಣ. ಕಾಯಿಲ್ ತಂತಿಯ ಮೇಲೆ ಕೆಲಸ ಮಾಡುತ್ತಿದೆ, ಎದುರು ದಿಕ್ಕಿಗೆ ಮಾತ್ರ. ಕಾಯಿಲಿನ ಎರಡು ತುದಿಗಳನ್ನು ಅದಲುಬದಲು ಮಾಡಿ. ನನಗೆ ಅದು ಸಿಕ್ಕಿದ್ದು ರಾತ್ರಿ ಒಂಬತ್ತರ ಸುಮಾರಿಗೆ. ಕರೆಂಟು ಹೋಗಿತ್ತು, ದೊಡ್ಡ ಆಂಪ್ ಸತ್ತಿತ್ತು, ಪೆಡಲೂ ಪೆಟ್ಟಿಗೆಯೂ ಮಾತ್ರ ಬ್ಯಾಟರಿಯ ಮೇಲೆ ಉಸಿರಾಡುತ್ತಿದ್ದವು. ತುದಿ ಬದಲಿಸಿ ಕಾಯಿಲ್ ಹಿಡಿದೆ. ಹಂಚಿನ ಮೇಲೆ ಮಳೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಗಿಟಾರಿನ ಬೆನ್ನು ಹೊಟ್ಟೆಗೆ ತಾಗಿಕೊಂಡಿತ್ತಲ್ಲ, ಅಲ್ಲಿ ಮೊದಲು ಸಣ್ಣದಾಗಿ ಗುಂಯ್‌ಗುಟ್ಟಿದ್ದು ಗೊತ್ತಾಯಿತು. ಟಾರ್ಚ್ ಬಿಟ್ಟು ನೋಡಿದರೆ ಮೀಟದೆ ಇದ್ದ ನಾಲ್ಕನೇ ತಂತಿ ನಡುವಿನಲ್ಲಿ ದಪ್ಪಗಾಗಿ, ಅಂಚು ಮಸುಕಾಗಿ ಕಾಣುತ್ತಿತ್ತು. ಕೈ ಮುಟ್ಟದೆ ಅದು ಹಾಗೇ ನಡುಗುತ್ತಲೇ ಇತ್ತು.

ತಂತಿ ಒತ್ತಿ ಹಿಡಿದರೂ ಸೀಟಿಯಂಥ ಕಿರುಚು ಬಂದರೆ ಕಾಯಿಲಿನ ಕ್ಷೇತ್ರ ತಂತಿಯನ್ನು ಬಿಟ್ಟು ನೇರ ಪಿಕಪ್ಪಿಗೇ ನುಗ್ಗುತ್ತಿದೆ ಎಂದರ್ಥ. ದೂರ ಸರಿಸಿ, ಗುಂಡಿ ಇಳಿಸಿ. ಎರಡು ಕಾಯಿಲಿನ ಹಂಬಕರ್ ಪಿಕಪ್ ಇದ್ದವರಿಗೆ ಈ ಕಾಟ ಕಡಿಮೆ. ತೀರಾ ಸಣ್ಣ ಒಂದನೇ ತಂತಿ ಎಲ್ಲಕ್ಕಿಂತ ಹಟಮಾರಿ. ಅದಕ್ಕೆ 200 ಪಟ್ಟಿನ ಕೆಪಾಸಿಟರ್ ಬೇಕಾದೀತು. ನೈಲಾನ್ ತಂತಿಯ ಗಿಟಾರಿಗೆ ಇದು ಯಾವ ಜನ್ಮದಲ್ಲೂ ಕೆಲಸ ಮಾಡುವುದಿಲ್ಲ, ಕಬ್ಬಿಣವಿಲ್ಲದ ಕಡೆ ಅಯಸ್ಕಾಂತಕ್ಕೇನು ಕೆಲಸ? ಕಂಚು ಸುತ್ತಿದ ಅಕೂಸ್ಟಿಕ್ ತಂತಿಗಳ ಒಳಗೆ ಉಕ್ಕು ಇರುವುದರಿಂದ ಅವು ಸ್ವಲ್ಪ ಸೋಮಾರಿಯಾಗಿ ಒಪ್ಪಿಕೊಳ್ಳುತ್ತವೆ.

ಆರೂ ತಂತಿಗೆ ಒಂದೇ ಕಾಯಿಲ್ ಬೇಕೆಂದರೆ ಬೋಲ್ಟಿನ ಬದಲು 60 ಮಿಲಿಮೀಟರ್ ಉದ್ದದ ಕಬ್ಬಿಣದ ಪಟ್ಟಿ, ಅದೇ ಹದಿನಾಲ್ಕು ಮೀಟರ್ ಎಳೆ, ಸುಮಾರು 100 ಸುತ್ತು. ನೆಕ್ ಪಿಕಪ್ (ಗಿಟಾರಿನ ಕತ್ತಿನ ಕಡೆಯ ಪಿಕಪ್) ತೆಗೆದು ಆ ಜಾಗದಲ್ಲಿ ಕೂರಿಸಬೇಕು. ಒಳ್ಳೆಯ ಗಿಟಾರನ್ನು ಇದಕ್ಕೆ ಬಲಿಕೊಡಬೇಡಿ.

ನುಡಿಸುವಾಗ

ಮೀಟಿ ಮೀಟಿ ಅಭ್ಯಾಸವಾದ ಕೈಗೆ ಇದು ಮೊದಲು ಒಗ್ಗುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಿದರೆ ತಂತಿಯ ನಡುಕ ಕಡಿದು, ಮತ್ತೆ ಏಳಲು ಕ್ಷಣ ಹೊತ್ತು ಬೇಕು. ಹಾರಬೇಡಿ, ಜಾರಿ. ವೀಣೆಯವರ ಜಾರು, ಗಮಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಹಿಂದೋಳದಂಥ ಐದು ಸ್ವರದ ರಾಗವನ್ನು ಒಂದೇ ತಂತಿಯ ಮೇಲೆ ಉದ್ದಕ್ಕೆ ನುಡಿಸಿ ನೋಡಿ. ತಾಳದ ಹಂಗಿಲ್ಲದ ಆಲಾಪನೆಗೆ ಹೊಂದುವಷ್ಟು ಇದು ವೇಗದ ಸ್ವರಗಳಿಗೆ ಹೊಂದುವುದಿಲ್ಲ.

ಆರನೇ ತಂತಿಯನ್ನು ಒಂದು ಪೂರ್ಣ ಸ್ವರ ಇಳಿಸಿದರೆ ಕೆಳಗಿನ ಮೂರು ತಂತಿಗಳು ಸ, ಪ, ಸ ಆಗುತ್ತವೆ. ಕಾಯಿಲನ್ನು ಸ್ಪಂಜಿನ ತುಂಡಿನ ಮೇಲೆ ಕೂರಿಸಿ ನಾಲ್ಕನೇ ತಂತಿಗೆ ಹಿಡಿಸಿಟ್ಟರೆ ಷಡ್ಜ ತಾನೇ ತಾನಾಗಿ ಮೊಳಗುತ್ತಿರುತ್ತದೆ, ಮೇಲಿನ ತಂತಿಗಳಲ್ಲಿ ನೀವು ಬೇಕಾದ್ದು ನುಡಿಸಿಕೊಳ್ಳಬಹುದು. ತಂಬೂರಿಯ ಜೀವಾಳ ಇದಕ್ಕೆ ಬರುವುದಿಲ್ಲ, ಪೆಟ್ಟಿಗೆ ಶ್ರುತಿಗೆ ಹತ್ತಿರದ ನಾದ. ಬೇಸರವಾದಾಗ ಕಾಯಿಲಿನ ತುದಿ ಮತ್ತೆ ಅದಲುಬದಲು ಮಾಡಿ. ಮೂಲ ಸ್ವರವನ್ನು ಕೊಲ್ಲುವ ಅದೇ ತಪ್ಪು ದಿಕ್ಕು, ಗೇನ್ ಹೆಚ್ಚಿಸಿದಾಗ ಕೆಲವು ಜಾಗಗಳಲ್ಲಿ ಕೊಳಲಿನಂಥ ಮೇಲಿನ ಅನುಸ್ವರಗಳನ್ನು ಎಬ್ಬಿಸುತ್ತದೆ. ಒಂದು ಚಿಕ್ಕ ಸ್ವಿಚ್ ಹಾಕಿಕೊಂಡರೆ ಎರಡೂ ಕೈಯಲ್ಲಿರುತ್ತವೆ.

ನುಡಿಸಿ ಮುಗಿದ ಮೇಲೆ ತಂತಿಗಳನ್ನು ಒಣಬಟ್ಟೆಯಲ್ಲಿ ಒರೆಸಿ. ನಮ್ಮ ಮಳೆಗಾಲದಲ್ಲಿ ಉಕ್ಕಿನ ತಂತಿ ವಾರದೊಳಗೆ ತುಕ್ಕು ಹಿಡಿಯುತ್ತದೆ, ತುಕ್ಕು ತಂತಿಯನ್ನು ಯಾವ ಕಾಯಿಲೂ ಹಾಡಿಸಲಾರದು. ಬ್ಯಾಟರಿಯ ಟೋಪಿ ಕಳಚಿಡಿ. ಸುಮ್ಮನೆ ಕುಳಿತಿದ್ದರೂ ಐಸಿ ಸುಮಾರು 4 ಮಿಲಿ ಆಂಪಿಯರ್ ಕುಡಿಯುತ್ತಲೇ ಇರುತ್ತದೆ. ಸಂತೆಯ ದಿನ ತಂದ ಬ್ಯಾಟರಿ ಮುಂದಿನ ಸಂತೆಯ ತನಕ ಬರುವುದಿಲ್ಲ.